ಕಲ್ಲಿನ ಕೆಳಗಿನ ಜೋಡಿ

ತುಂಗಭದ್ರೆಯ ದಂಡೆಯಲ್ಲಿ ಅಡಿವೆಪ್ಪಜ್ಜ ಎಂಬ ಗುರುವಿದ್ದ. ಅವನು ಕಲಿಸುತ್ತಿದ್ದದ್ದು ವೇದಾಂತವಲ್ಲ, ಇಸ್ಪೀಟು. ಅದರಲ್ಲೂ ಪೋಕರ್.

ಈ ಕಥೆಯಲ್ಲಿ ಮೂರು ಸುಳ್ಳುಗಳಿವೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಬೇಡ.

ಅಜ್ಜ ಹರೆಯದಲ್ಲಿ ಹಡಗುಗಳಲ್ಲಿ ಆಡಿ, ಒಬ್ಬ ಕಪ್ತಾನನ ಟೊಪ್ಪಿಗೆಯನ್ನೇ ಗೆದ್ದು ತಂದಿದ್ದ. ಇದು ಮೊದಲನೆಯ ಸುಳ್ಳು. ಟೊಪ್ಪಿಗೆ ಮಾತ್ರ ನಿಜ. ಎಲ್ಲಿಂದ ಬಂತೋ, ಈಗ ಅದರಲ್ಲಿ ಅವನ ಮಗಳು ಹೊನ್ನವ್ವ ಬೆಳ್ಳುಳ್ಳಿ ಇಡುತ್ತಾಳೆ.

ಆಶ್ರಮವೆಂದರೆ ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ, ಕಟ್ಟೆಯಿಂದ ಹೊಳೆಗೆ ಇಳಿಯುವ ಒಂಬತ್ತು ಪಾವಟಿಗೆ. ಪಣಕ್ಕೆ ಹೊಳೆಯ ಬೆಣಚುಕಲ್ಲು. ಯಾರು ಎಷ್ಟು ಗೆದ್ದರೂ ಸಂಜೆಗೆ ಎಲ್ಲವನ್ನೂ ನೀರಿಗೆ ಹಾಕಿ ಏಳಬೇಕು.

ಅದು ಬಿಟ್ಟರೆ ಅಲ್ಲಿ ಎರಡೇ ಕಟ್ಟಳೆ.

ಆಟ ಕಲಿಯಲು ಬರುವವನು, ಮನೆಯಲ್ಲಿ ತನಗಾಗಿ ಕಾಯುವವರನ್ನು ಜೊತೆಗೇ ಕರೆತರಬೇಕು. ಅವರು ಎದುರಿಗೆ, ಕಣ್ಣಿಗೆ ಕಾಣುವಂತೆ ಕೂರಬೇಕು.

ಇನ್ನೊಂದು: ಕೈಗೆ ಬಂದ ಎಲೆಗಳನ್ನು ನೋಡಿದ ಮೇಲೆ ಮಗುಚಿ ಇಟ್ಟು ಮೇಲೊಂದು ಕಲ್ಲು ಹೇರಬೇಕು. ಹೊಳೆಯ ಗಾಳಿ ಎಲೆ ಕಂಡರೆ ಬಿಡುವುದಿಲ್ಲ.

ಒಂದು ಗುರುವಾರ ಕೊಟ್ರೇಶ ಬಂದ. ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವನು, ಬೆರಳ ತುದಿಯಲ್ಲೆಲ್ಲ ವಾರ್ನಿಷ್ ಕಲೆ. ಅವನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಹೆಂಡತಿ ನೀಲವ್ವ.

ಆಕೆ ಅಜ್ಜನಿಗೆ ನಮಸ್ಕಾರ ಮಾಡಿ ಪಾವಟಿಗೆಯ ಮೇಲೆ ಕೂತಳು. ಚೀಲದಿಂದ ಹಳದಿ ಉಲ್ಲನ್ನಿನ ಉಂಡೆ ತೆಗೆದಳು.

"ಏನು ಬೇಕು, ತಮ್ಮಾ?" ಎಂದ ಅಜ್ಜ.

"ಸಣ್ಣ ಜೋಡಿ ಆಡೋದು ಕಲಸ್ರಿ, ಅಜ್ಜಾರ. ಎಕ್ಕದ ಜೋಡಿ ಬಂದ್ರ ಯಾರಾದ್ರೂ ಆಡ್ತಾರ. ಎರಡರ ಜೋಡಿ, ನಾಲ್ಕರ ಜೋಡಿ, ಇಂಥಾವು ಬಂದಾಗ ನಾ ಮುಳುಗ್ತೀನಿ."

ಆಟ ತಿಳಿಯದವರಿಗೆ ಇಷ್ಟು ಸಾಕು: ಒಬ್ಬೊಬ್ಬರ ಕೈಗೆ ಎರಡು ಎಲೆ, ಗುಟ್ಟಾಗಿ. ನಡುವೆ ಐದು ಎಲೆ ಬೀಳುತ್ತವೆ, ಎಲ್ಲರಿಗೂ ಕಾಣುವಂತೆ. ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು. ಪ್ರತಿ ಸಲ ಪಣ ಏರುತ್ತದೆ. ನಿಮ್ಮ ಕೈಯಲ್ಲಿ ನಾಲ್ಕರ ಜೋಡಿ ಇದ್ದು, ನಡುವೆ ಮೂರನೆಯ ನಾಲ್ಕು ಬಿತ್ತೋ, ನೀವು ರಾಜ. ಬೀಳಲಿಲ್ಲವೋ, ಸುಮ್ಮನೆ ಎಲೆ ಬಿಟ್ಟು ಹಿಂದೆ ಸರಿಯಬೇಕು.

"ಗುಲಾಮನ ಜೋಡಿ ಬಂದ್ರ?" ಎಂದು ಅಜ್ಜ ಪರೀಕ್ಷೆಗೆ ಕೇಳಿದ.

"ಅದೂ ತ್ರಾಸೇ ಐತ್ರಿ."

"ಗುಲಾಮನ ಜೋಡಿ ಅಂದ್ರ ಮದುವಿ ಊಟದಾಗ ಮೊದಲನೇ ಪಂಕ್ತಿಗೆ ಕುಂತ ದೂರದ ನೆಂಟ. ಜರ್ಬು ಜೋರ. ಬೀಗರು ಬಂದ್ರು ಅಂದ್ರ ಎದ್ದು ಜಾಗಾ ಬಿಡಬೇಕು. ನಡುವ ರಾಣಿನೋ ರಾಜನೋ ಬಿದ್ರ, ಅವರ ಬೀಗರು."

ಕೊಟ್ರೇಶ ನಕ್ಕ. "ಮತ್ತ ನಾಲ್ಕರ ಜೋಡಿ?"

"ಅವು ಪಂಕ್ತಿಗೆ ಬಂದಾವೇ ಅಲ್ಲ. ಗಂಡ ಹೆಂಡ್ತಿ ಇಬ್ಬರೂ ಪಡಸಾಲಿ ಮೂಲ್ಯಾಗ ನಿಂತು, ಒಬ್ಬರು ಬರ್ತಾರ ಅಂತ ಬಾಗಲ ಕಡೆ ನೋಡ್ತಾವ."

ಕೊಟ್ರೇಶನ ನಗು ಅಲ್ಲಿಗೆ ನಿಂತಿತು.

ಅಜ್ಜ ಎಲೆ ಕಲೆಸಿದ. ಅವನು ಕಲೆಸುವಾಗ ಬೇವಿನ ಮೇಲಿನ ಗಿಣಿಗಳು ಮಾತು ನಿಲ್ಲಿಸಿ ಕೆಳಗೆ ನೋಡುತ್ತಿದ್ದವು. ಇದು ಎರಡನೆಯ ಸುಳ್ಳು. ಗಿಣಿಗಳು ಯಾರಪ್ಪನಿಗೂ ಮಾತು ನಿಲ್ಲಿಸುವುದಿಲ್ಲ.

ಆ ದಿನ ಕೊಟ್ರೇಶನಿಗೆ ಮೂರು ಸಲ ಸಣ್ಣ ಜೋಡಿ ಬಂತು. ಮೂರು ಸಲವೂ ನಡುವೆ ದೊಡ್ಡ ದೊಡ್ಡ ಎಲೆಗಳು ಬಿದ್ದವು. ಮೂರು ಸಲವೂ ಅವನು ಬಿಡಲಿಲ್ಲ. ಕೊನೆಯ ಎಲೆಯವರೆಗೂ ಕಲ್ಲು ತಳ್ಳುತ್ತಲೇ ಹೋದ. ಮುಂದಿದ್ದ ರಾಶಿಯೆಲ್ಲ ಅಜ್ಜನ ಕಡೆ ಸೇರಿತು.

"ಮೂರನೇದು ಎಷ್ಟು ಸಲಕ್ಕ ಒಮ್ಮೆ ಬರ್ತೈತಿ, ಗೊತ್ತೇನು?"

"ಎಂಟೊಂಬತ್ತು ಸಲಕ್ಕ ಒಮ್ಮೆ. ಮೊದಲನೇ ಮೂರು ಎಲಿಯೊಳಗ ಬರಲಿಲ್ಲ ಅಂದ್ರ ಆಮ್ಯಾಲೆ ಇನ್ನೂ ಕಷ್ಟ."

"ಲೆಕ್ಕ ಬರ್ತೈತಲ್ಲೋ! ಮತ್ತ ಕಲಿಯಾಕ ಯಾಕ ಬಂದಿ?"

"ಲೆಕ್ಕ ಬರ್ತೈತ್ರಿ. ಬಿಡಾಕ ಬರೂದಿಲ್ಲ."

ಅಜ್ಜ ಅವನ ಮುಖ ನೋಡಿದ. ಆಮೇಲೆ ಪಾವಟಿಗೆಯ ಕಡೆ ನೋಡಿದ.

ಅಂದು ಕೊಟ್ರೇಶ ಸೋತು ನಗುನಗುತ್ತಾ ಎದ್ದ. ಇದು ಮೂರನೆಯ ಸುಳ್ಳು.

ಇನ್ನು ನನ್ನ ಹತ್ತಿರ ಸುಳ್ಳು ಉಳಿದಿಲ್ಲ.

ಶುಕ್ರವಾರ ಹೊನ್ನವ್ವ ನೀಲವ್ವನ ಪಕ್ಕ ಹೋಗಿ ಕೂತಳು. ಐವತ್ತು ದಾಟಿದ ಹೆಂಗಸು, ಮಾತು ನೇರ.

"ಏನು ಹೆಣೀತಿಯವ್ವಾ?"

"ಕೂಸಿನ ಕುಲಾವಿ ರೀ."

"ಉಲ್ಲನ್ ಯಾಕ ಹಿಂಗ ಗುಂಗುರು ಗುಂಗುರು ಐತಿ?"

"ಹಳೇದು ರೀ. ಹೆಣದು ಬಿಚ್ಚಿದ್ದು."

"ಎಷ್ಟು ಸಲ?"

ನೀಲವ್ವ ನಾಲ್ಕು ಬೆರಳು ತೋರಿಸಿದಳು. ಹೊನ್ನವ್ವ ಎದ್ದಳು. ಕಟ್ಟೆಗೆ ಬಂದು ಅಪ್ಪನ ಕಿವಿಯಲ್ಲಿ ಒಂದು ಮಾತು ಹೇಳಿ, ಮಜ್ಜಿಗೆ ತರಲು ಒಳಗೆ ಹೋದಳು.

ಅಜ್ಜ ಎಲೆ ಕಲೆಸುವುದನ್ನು ನಿಲ್ಲಿಸಿದ.

"ಕೊಟ್ರೇಶಾ, ನಾಲ್ಕು ಸಲ ಆತಂತ?"

ಕೊಟ್ರೇಶ ತಲೆ ತಗ್ಗಿಸಿದ. "ಹೌದ್ರಿ. ಒಂದು ಐದು ತಿಂಗಳದ್ದು. ಒಂದು ಹುಟ್ಟಿ, ಅತ್ತು, ಹೋತು."

"ಡಾಕ್ಟ್ರು ಏನಂದ್ರು?"

"ಇನ್ನ ಸಾಕು ಅಂದ್ರು. ಮತ್ತ ಬಸುರಾದ್ರ ಆಕಿ ಉಳಿಯೂದು ಕಷ್ಟ ಅಂದ್ರು." ಅವನು ಕೂಡಲೇ ತಲೆಯೆತ್ತಿದ. "ಆದ್ರ ದೊಡ್ಡ ಊರಾಗ ಇನ್ನೊಬ್ರು ಅದಾರ್ರಿ. ಒಂದು ಸಲ ನೋಡೋಣ ಅಂದಾರ. ಸೋಮವಾರ ಕರದಾರ. ಒಂದೇ ಒಂದು ಸಲ, ಅಜ್ಜಾರ."

"ಆಕಿ ಏನಂತಾಳ?"

"ಆಕಿ ಏನಂತಾಳ್ರಿ? ಬರ್ತಾಳ."

ಹೊನ್ನವ್ವ ಮಜ್ಜಿಗೆ ತಂದಳು. ಅಜ್ಜ ಲೋಟ ಹಿಡಿದು, ಕುಡಿಯದೆ, ಹೇಳಿದ: "ನಮಗ ಮೂರು ಸಲ ಹೋಗಿತ್ತು, ತಮ್ಮಾ. ಆಮ್ಯಾಲೆ ಇಕಿ ಹುಟ್ಟಿದ್ಲು."

ಕೊಟ್ರೇಶನ ಕಣ್ಣು ಅರಳಿತು. "ನೋಡ್ರಿ ಮತ್ತ! ನಿಮಗೂ ಬಂತಲ್ರಿ!"

"ಬಂದೆ," ಎಂದಳು ಹೊನ್ನವ್ವ. "ನಾ ಬಂದೆ, ಅದೇ ಹೊತ್ತಿನ್ಯಾಗ ಅವ್ವ ಹೋದ್ಲು. ಅಪ್ಪ ಆವಾಗ ಎಲ್ಲಿದ್ದ, ಕೇಳು."

ಅಜ್ಜನೇ ಹೇಳಿದ.

"ಕ್ಲಬ್ಬಿನ್ಯಾಗ ಎಲಿ ಹಿಡಕೊಂಡು ಕುಂತಿದ್ದೆ. ಕರಿಯಾಕ ಬಂದ್ರು. ಈ ಆಟ ಮುಗೀಲಿ ಅಂದೆ."

ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

"ಸೋತ್ರೇನು, ಅಜ್ಜಾರ?"

"ಇಲ್ಲ. ಅವತ್ತ ಗೆದ್ದೆ."

ಕಾಯುವವರನ್ನು ಕಣ್ಣೆದುರು ಕೂರಿಸುವ ಕಟ್ಟಳೆ ಎಲ್ಲಿಂದ ಬಂತೆಂದು ಕೊಟ್ರೇಶನಿಗೆ ತಿಳಿಯಿತೋ ಇಲ್ಲವೋ. ಅವನು ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, "ಹಾಕ್ರಿ ಎಲಿ" ಎಂದ.

ಶನಿವಾರ ಗಾಳಿ ಜೋರಾಗಿತ್ತು. ಬೇವಿನ ಹಣ್ಣೆಲೆಗಳು ಕಟ್ಟೆಯ ಮೇಲೆಲ್ಲ ಉರುಳುತ್ತಿದ್ದವು.

"ಇವತ್ತ ಒಂದೇ ಆಟ," ಎಂದ ಅಜ್ಜ. "ಕಲ್ಲು ಸರಿಯಾಗಿ ಹೇರು. ಗಾಳಿ ಐತಿ."

ಕೊಟ್ರೇಶನಿಗೆ ಎರಡು ಎಲೆ ಬಂದವು. ಕಳಾವರದ ನಾಲ್ಕು, ಆಟೀನಿನ ನಾಲ್ಕು. ಮಗುಚಿಟ್ಟ. ಒಂದು ಕಲ್ಲು ಕೈಗೆ ಸಿಕ್ಕಿತು, ಮೇಲೆ ಇಟ್ಟ. ಇಡುವಾಗಲೇ ಅವನ ಕಣ್ಣು ನಡುವಿನ ಖಾಲಿ ಜಾಗದ ಮೇಲಿತ್ತು.

ಮೂರು ಎಲೆ ಬಿದ್ದವು, ಅಜ್ಜ ಅವುಗಳ ಅಂಚಿಗೆ ಕಲ್ಲಿಟ್ಟ. ಎಂಟು, ಗುಲಾಮ, ಎರಡು.

ಅಜ್ಜ ಹತ್ತು ಕಲ್ಲು ತಳ್ಳಿದ. "ಬಿಡ್ತಿಯೇನು?"

"ಇಲ್ರಿ." ಕೊಟ್ರೇಶನೂ ಹತ್ತು ತಳ್ಳಿದ.

ನಾಲ್ಕನೆಯದು ರಾಣಿ.

"ಬೀಗರು ಬಂದ್ರು. ಈಗಾದ್ರೂ ಬಿಡ್ತಿಯೇನು?"

"ಇನ್ನೊಂದು ಎಲಿ ಐತಲ್ರಿ."

"ಐತಿ."

ಕೊಟ್ರೇಶ ತನ್ನ ಮುಂದಿದ್ದ ಕಲ್ಲುಗಳನ್ನೆಲ್ಲ ಎರಡೂ ಕೈಯಿಂದ ಬಾಚಿ ಮುಂದಕ್ಕೆ ತಳ್ಳಿದ. ಒಂದೂ ಉಳಿಸಿಕೊಳ್ಳಲಿಲ್ಲ. ಅವನ ತುಟಿ ಅಲುಗುತ್ತಿತ್ತು.

ಅಜ್ಜ ಕೊನೆಯ ಎಲೆ ತಿರುವಿದ.

ಇಸ್ಪೀಟಿನ ನಾಲ್ಕು.

"ಬಂತು!" ಕೊಟ್ರೇಶ ಎದ್ದು ನಿಂತುಬಿಟ್ಟ. "ಬಂತ್ರಿ ಅಜ್ಜಾರ! ನಾ ಅಂದಿದ್ದೆ, ಬರ್ತೈತಿ ಅಂತ ಅಂದಿದ್ದೆ! ನೀಲಾ, ಬಂತು ನೋಡ!"

ನೀಲವ್ವ ಪಾವಟಿಗೆಯ ಮೇಲೆ ಇರಲಿಲ್ಲ. ಉಲ್ಲನ್ನಿನ ಉಂಡೆ ಮಾತ್ರ ಇತ್ತು. ಆಕೆ ಕೆಳಗೆ, ಮೊಳಕಾಲುದ್ದ ನೀರಿನಲ್ಲಿ, ಈ ಕಡೆಗೆ ಬೆನ್ನು ಮಾಡಿ ನಿಂತಿದ್ದಳು.

"ತೋರಸು," ಎಂದ ಅಜ್ಜ.

ಕೊಟ್ರೇಶ ಕೂತು, ಕಲ್ಲು ಎತ್ತಿದ.

ಕಲ್ಲಿನ ಕೆಳಗೆ ಒಂದೇ ಎಲೆ ಇತ್ತು. ಕಳಾವರದ ನಾಲ್ಕು.

ಅವನು ಆ ಎಲೆಯನ್ನು ತಿರುವಿ ನೋಡಿದ, ಹಿಂದೆ ಇನ್ನೊಂದು ಅಂಟಿಕೊಂಡಿರಬಹುದು ಎಂಬಂತೆ. ಕೂತಿದ್ದ ಚಾಪೆ ಎತ್ತಿ ನೋಡಿದ. ತೊಡೆಯ ಕೆಳಗೆ, ಅಂಗಿಯ ಜೇಬಿನಲ್ಲಿ, ಹಣ್ಣೆಲೆಗಳ ನಡುವೆ ಹುಡುಕಿದ.

"ಎರಡೂ ಇಟ್ಟಿದ್ದೆ. ಖರೇನ ಎರಡೂ ಇಟ್ಟಿದ್ದೆ, ಅಜ್ಜಾರ."

ಅಜ್ಜ ಹೊಳೆಯ ಕಡೆ ನೋಡಿದ.

ನೀಲವ್ವ ಮೇಲೆ ಹತ್ತಿ ಬಂದಳು. ಸೀರೆಯ ಅಂಚಿನಿಂದ ಒಂದೊಂದು ಪಾವಟಿಗೆಯ ಮೇಲೂ ನೀರು ಸೋರಿತು. ಬಂದು ಗಂಡನ ಎದುರಿಗೆ ನಿಂತು ಕೈ ಚಾಚಿದಳು. ಅಂಗೈಯಲ್ಲಿ ಆಟೀನಿನ ನಾಲ್ಕು. ನೆನೆದು ಮೆತ್ತಗಾಗಿ, ಒಂದು ಮೂಲೆ ಮಡಚಿಕೊಂಡಿತ್ತು.

"ಯಾವಾಗ ಹಾರಿತು ಇದು?" ಎಂದ ಕೊಟ್ರೇಶ.

"ಆಗಲೇ ಹಾರಿತ್ರಿ. ಮೊದಲ ಮೂರು ಎಲಿ ಬಿದ್ದಾಗ."

"ಮತ್ತ ನನ್ನ ಕರೀಬಾರದೇನ?"

"ಕರದೆ," ಎಂದಳು ನೀಲವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡು ಸಲ ಕರದೆ. ನೀವು ಆ ಕಡೆ ನೋಡ್ತಿದ್ರಿ."

ಕೊಟ್ರೇಶ ಆ ಒದ್ದೆ ಎಲೆಯನ್ನು ಕೈಗೆ ತೆಗೆದುಕೊಂಡ.

ಅಜ್ಜ ನಿಧಾನಕ್ಕೆ ಆಕೆಯ ಕಡೆ ತಿರುಗಿದ.

"ತಂಗೀ, ಸೋಮವಾರ ಹೋಗ್ತಿಯೇನು?"

ನೀಲವ್ವ ರೂಢಿಯಂತೆ ಗಂಡನ ಮುಖ ನೋಡಿದಳು.

"ಅವನ್ನ ನೋಡಬ್ಯಾಡ. ಅವನ ಮಾತು ಗೊತ್ತೈತಿ. ನಿನ್ನ ಕೇಳಾಕತ್ತೀನಿ."

ಹೊನ್ನವ್ವ ಬಂದು ನೀಲವ್ವನ ಒದ್ದೆ ಸೆರಗನ್ನು ಹಿಂಡಿ, ಹೆಗಲ ಮೇಲೆ ಹಾಕಿ, ಅಲ್ಲೇ ನಿಂತಳು.

"ಹುಟ್ಟಿ ಅತ್ತಿತ್ತಲ್ರಿ, ಅದರ ದನಿ ಇನ್ನೂ ಕಿವ್ಯಾಗ ಐತಿ," ಎಂದಳು ನೀಲವ್ವ. "ಕೂಸು ನನಗೂ ಬೇಕಾಗಿತ್ತು. ಇವರಿಗಿಂತ ಹೆಚ್ಚು ಬೇಕಾಗಿತ್ತು." ಆಮೇಲೆ, ತನಗೇ ಹೇಳಿಕೊಳ್ಳುವಂತೆ: "ನಾ ದಣದೀನ್ರಿ, ಅಜ್ಜಾರ."

ಕೊಟ್ರೇಶ ಎಲೆ ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡ. ವಾರ್ನಿಷ್ ಹತ್ತಿದ ಬೆರಳುಗಳ ಸಂದಿಯಿಂದ ನೀರು ಇಳಿಯಿತು.

ಗಾಳಿಗೆ ನಡುವಿನ ಎಲೆಗಳು ಪಟಪಟ ಎಂದವು. ಕಲ್ಲು ಇಡದೆ ಬಿಟ್ಟಿದ್ದ ಇಸ್ಪೀಟಿನ ನಾಲ್ಕು ಹಾರಿ ಅವನ ಕಾಲ ಹತ್ತಿರ ಬಂದು ಬಿತ್ತು. ಅವನು ಅದನ್ನು ನೋಡಿದ. ಎತ್ತಿಕೊಳ್ಳಲು ಬಗ್ಗಿದ ಕೈ ಅರ್ಧಕ್ಕೆ ನಿಂತಿತು.

"ಮೂರನೇದು ಬಂದೈತಲ್ರಿ," ಎಂದ, ಸಣ್ಣ ದನಿಯಲ್ಲಿ. "ಈಗ ನಾ ಹೆಂಗ ಆಡ್ಲಿ, ಅಜ್ಜಾರ?"

ಅಜ್ಜ, ಇನ್ನೂ ನೀರು ಸೋರುತ್ತಿದ್ದ ನೀಲವ್ವನ ಕಡೆ ಒಮ್ಮೆ ನೋಡಿ, ತನ್ನ ಹೆಗಲ ಮೇಲಿನ ವಲ್ಲಿ ತೆಗೆದು ಅವನ ಕೈಗೆ ಕೊಟ್ಟ.

"ನಿನ್ನ ಕೈಯಾಗಿನ ಎಲಿ ತೊಯ್ದೈತಿ, ತಮ್ಮಾ. ಮೊದಲು ಅದನ್ನ ಒರಸು."