ಗೊತ್ತಿಲ್ಲ ಎನ್ನಲು ಬಾರದ ಗೊರವಂಕ

ಬೇಸಿಗೆ ಬಂತೆಂದರೆ ಕಾರೆಗುಡ್ಡದ ಕಾಡಿನಲ್ಲಿ ಹುಲ್ಲೆಲ್ಲ ಹಪ್ಪಳವಾಗುತ್ತದೆ. ಹುಲ್ಲು ಹಪ್ಪಳವಾದರೆ ಮಿಡತೆ ಇಲ್ಲ. ಮಿಡತೆ ಇಲ್ಲದಿದ್ದರೆ ಗೊರವಂಕಗಳಿಗೆ ಊಟವಿಲ್ಲ. ಆಗ ಅವಕ್ಕೆ ಉಳಿಯುವ ದಾರಿ ಒಂದೇ: ಕಾಡೆಮ್ಮೆ ಹಿಂಡಿನಲ್ಲಿ ಕೆಲಸ ಹಿಡಿಯುವುದು.

ಮಕ್ಕಳೇ, ನೀವು ಕಾಡೆಮ್ಮೆಯನ್ನು ಹತ್ತಿರದಿಂದ ನೋಡಿರಲಾರಿರಿ. ನೋಡದಿದ್ದದ್ದೇ ಕ್ಷೇಮ. ಅದರ ಬೆನ್ನು ಮನೆಮುಂದಿನ ಜಗಲಿಯಷ್ಟು ಅಗಲ. ಆ ಜಗಲಿಯ ಮೇಲೆ ರಕ್ತ ಹೀರುವ ಉಣ್ಣಿಗಳು ಸಂಸಾರ ಹೂಡಿಕೊಂಡಿರುತ್ತವೆ. ಬೆನ್ನೇರಿದ ಹಕ್ಕಿ ಅವನ್ನು ಹೆಕ್ಕಿ ತಿನ್ನಬೇಕು, ಸುತ್ತಮುತ್ತ ಒಂದು ಕಣ್ಣಿಟ್ಟಿರಬೇಕು. ಊಟವೂ ಪುಕ್ಕಟೆ, ಸವಾರಿಯೂ ಪುಕ್ಕಟೆ. ಇಂಥ ನೌಕರಿ ಯಾರಿಗೆ ಬೇಡ?

ಪಾರಿ ಎಂಬ ಗೊರವಂಕಕ್ಕಂತೂ ಬೇಕೇ ಬೇಕಿತ್ತು. ಅವಳು ಅಕ್ಕ ಗೌರಿಯ ಪೊಟರೆಯಲ್ಲೇ ಬಿದ್ದಿದ್ದಳು. ಗೌರಿ ಹಿಂಡಿನ ಯಜಮಾನಿ ದೊಡ್ಡಜ್ಜಿಯ ಬೆನ್ನ ಮೇಲೆ ಕೆಲಸಕ್ಕಿದ್ದವಳು, ಈಗ ಮೊಟ್ಟೆಗೆ ಕಾವು ಕೊಡಲು ರಜೆ ಹಾಕಿ ಕೂತಿದ್ದಳು. ಭಾವ ಎಲ್ಲಿಂದಲೋ ಹೆಕ್ಕಿ ತರುವ ಒಣ ಅತ್ತಿಹಣ್ಣಿನಲ್ಲಿ ಮೂವರ ಹೊಟ್ಟೆ ತುಂಬಬೇಕು.

"ಪಾರಿ, ಮೊಟ್ಟೆ ಒಡೆಯೋ ಕಾಲ ಬಂತು," ಎಂದಳು ಗೌರಿ. "ಆಮೇಲೆ ನಾನು ಮರಿಗಳ ಬಾಯಿ ನೋಡಲೋ, ನಿನ್ನ ಬಾಯಿ ನೋಡಲೋ?"

"ನಾಳೆನೇ ದೊಡ್ಡಜ್ಜಿ ಹತ್ತಿರ ಕೆಲಸ ಕೇಳ್ತೀನಿ ಅಕ್ಕ."

"ಹಾಗಾದರೆ ಬೆನ್ನ ಕೆಲಸದ ಪದ್ಧತಿ ಒಂದಿಷ್ಟು ಹೇಳ್ತೀನಿ, ಕೇಳಿಸಿಕೋ."

"ಗೊತ್ತು ಬಿಡಕ್ಕ."

"ಏನು ಗೊತ್ತು?"

"ಎಲ್ಲ ಗೊತ್ತು."

ಇದೇ ಪಾರಿಯ ರೋಗ. ಹಸಿವು ತಡೆದಾಳು, ಬಿಸಿಲು ತಡೆದಾಳು, 'ಗೊತ್ತಿಲ್ಲ' ಎಂಬ ಮಾತು ಮಾತ್ರ ಅವಳ ಕೊಕ್ಕಿನಿಂದ ಹೊರಗೆ ಬೀಳುತ್ತಿರಲಿಲ್ಲ. ಹುಟ್ಟಿನಿಂದ ಇದ್ದ ಈ ರೋಗಕ್ಕೆ ಗಿಳಿ ಮೇಷ್ಟ್ರು ಗೊಬ್ಬರ ಬೇರೆ ಹಾಕಿದ್ದರು.

ಗಿಳಿ ಮೇಷ್ಟ್ರು ಪೇಟೆಯಿಂದ ಬಂದವರು. ಅಲ್ಲಿ ಯಾವುದೋ ತರಬೇತಿ ಶಾಲೆಯ ಪಡಸಾಲೆಯಲ್ಲಿ, ಪಂಜರದಲ್ಲಿ ನೇತಾಡಿಕೊಂಡು, ಒಳಗೆ ನಡೆಯುವ ಪಾಠವನ್ನೆಲ್ಲ ಬಾಯಿಪಾಠ ಮಾಡಿದ್ದರು. ಯಾರೋ ಬಾಗಿಲು ಹಾಕಲು ಮರೆತ ದಿನ ಕಾಡಿಗೆ ಬಂದು, ಆಲದ ಮರದಲ್ಲಿ 'ಜೀವನ ಕೌಶಲ ಶಿಬಿರ' ತೆರೆದರು. ಒಬ್ಬೊಬ್ಬರಿಗೆ ದಿನಕ್ಕೊಂದು ಸೀಬೆಹಣ್ಣು ದಕ್ಷಿಣೆ. ಅವರು ಮಾತ್ರ ಹುಟ್ಟಿದಾರಭ್ಯ ಎಲ್ಲೂ ಕೆಲಸಕ್ಕೆ ಹೋದವರಲ್ಲ. ಆದರೆ ಈ ವಿಷಯ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಆತ್ಮವಿಶ್ವಾಸ!" ಎನ್ನುತ್ತಿದ್ದರು ಮೇಷ್ಟ್ರು. "ಗೊತ್ತಿಲ್ಲ ಅನ್ನೋ ಪದವನ್ನ ಇವತ್ತೇ ನಾಲಿಗೆಯಿಂದ ಕಿತ್ತು ಬಿಸಾಡಿ. ಯಾರು ಏನೇ ಕೇಳಲಿ, ಗೊತ್ತು ಅನ್ನಿ. ಕಣ್ಣಲ್ಲಿ ಕಣ್ಣಿಟ್ಟು ಅನ್ನಿ. ಎದೆ ಉಬ್ಬಿಸಿ, ರೆಕ್ಕೆ ಪೂರ್ತಿ ಅಗಲಿಸಿ ಅನ್ನಿ."

ಪಂಜರದಲ್ಲಿ ಅವರಿಗೆ ರೆಕ್ಕೆ ಅಗಲಿಸಲು ಜಾಗವೇ ಇರಲಿಲ್ಲ. ಆದ್ದರಿಂದಲೋ ಏನೋ, ಈ ಪಾಠವನ್ನು ವಿಶೇಷ ಹುಮ್ಮಸ್ಸಿನಿಂದ ಹೇಳಿಕೊಡುತ್ತಿದ್ದರು.

ಮರುದಿನ ಬೆಳಗ್ಗೆ ಪಾರಿ ಪುಕ್ಕ ತೀಡಿಕೊಂಡು ದೊಡ್ಡಜ್ಜಿಯ ಮುಂದೆ ಹೋಗಿ ನಿಂತಳು. ಕಣ್ಣಲ್ಲಿ ಕಣ್ಣಿಡಬೇಕಲ್ಲ. ಆದರೆ ಕಾಡೆಮ್ಮೆಯ ಕಣ್ಣು ತಲೆಯ ಆಚೆ ಬದಿಗೊಂದು, ಈಚೆ ಬದಿಗೊಂದು. ಪಾರಿ ಎಡಗಣ್ಣು ನೋಡಿ ಬಲಕ್ಕೆ ಕುಪ್ಪಳಿಸಿದಳು, ಬಲಗಣ್ಣು ನೋಡಿ ಎಡಕ್ಕೆ ಕುಪ್ಪಳಿಸಿದಳು.

"ಏನೇ, ಕಾಲಿಗೆ ಮುಳ್ಳು ಚುಚ್ಚಿದೆಯಾ?" ಎಂದಳು ದೊಡ್ಡಜ್ಜಿ.

"ಇಲ್ಲ ಅಜ್ಜಿ. ನಾನು ಗೌರಿ ತಂಗಿ. ಕೆಲಸಕ್ಕೆ ಬಂದಿದ್ದೀನಿ."

ಐದು ಮಳೆಗಾಲ ಕಳೆದ ಮೇಲೆ ನೀನು ಏನಾಗಿರ್ತೀಯ, ನಿನ್ನ ದೊಡ್ಡ ಗುಣ ಯಾವುದು ಎಂಬಂಥ ಪ್ರಶ್ನೆಗಳಿಗೆಲ್ಲ ಪಾರಿ ಉತ್ತರ ಉರುಹೊಡೆದು ಬಂದಿದ್ದಳು. ದೊಡ್ಡಜ್ಜಿ ಅದ್ಯಾವುದನ್ನೂ ಕೇಳಲಿಲ್ಲ.

"ಉಣ್ಣಿ ತಿಂತೀಯಾ?"

"ತಿಂತೀನಿ."

"ಬೆನ್ನ ಕೆಲಸದ ಪದ್ಧತಿ ಗೊತ್ತಾ?"

"ಗೊತ್ತು!" ಎಂದು ಪಾರಿ ಎದೆ ಉಬ್ಬಿಸಿದಳು. ಪುಣ್ಯಕ್ಕೆ ಆಗ ನೆಲದ ಮೇಲೆ ನಿಂತಿದ್ದಳು.

"ಗೌರಿ ತಂಗಿ ಅಂದ ಮೇಲೆ ಗೊತ್ತಿರಲೇಬೇಕು. ಹತ್ತು."

ಹತ್ತಿದಳು. ಉಣ್ಣಿಗಳ ಭೋಜನ ಸೊಗಸಾಗಿತ್ತು. ಹಿಂಡು ಕೆರೆಯ ಕಡೆ ಹೊರಟಿತು. ಮುಂದೆ ದೊಡ್ಡಜ್ಜಿ, ಹಿಂದೆ ಸಿಡುಕುಮೂತಿಯ ಬೋರಣ್ಣ ಕೋಣ, ನಡುವೆ ಗುಂಡ ಎಂಬ ಎಳೆಗರು, ಸುತ್ತ ಉಳಿದವರು. ಕೆರೆ ಇನ್ನೇನು ಕಾಣಬೇಕು, ಅಷ್ಟರಲ್ಲಿ ಪಾರಿಗೆ ತಾನು ಯಾರೆಂದು ಹಿಂಡಿಗೆಲ್ಲ ತಿಳಿಸಬೇಕೆನಿಸಿತು. ಮೊದಲ ದಿನವೇ ಛಾಪು ಮೂಡಿಸಬೇಕು ಎಂದು ಮೇಷ್ಟ್ರು ಹೇಳಿರಲಿಲ್ಲವೇ?

"ಎಲ್ಲರಿಗೂ ನಮಸ್ಕಾರ. ನಾನು ಪಾರಿ," ಎಂದವಳೇ ರೆಕ್ಕೆ ಪೂರ್ತಿ ಅಗಲಿಸಿ, ಪಟಪಟ ಬಡಿದು, ಒಂದು ಮಾರು ಮೇಲಕ್ಕೆದ್ದಳು.

ಗೌರಿ ಹೇಳಹೊರಟಿದ್ದ ಪದ್ಧತಿ ಇಷ್ಟೇ ಇತ್ತು: ಹಕ್ಕಿ ಬೆನ್ನ ಮೇಲೆ ಕೂತಿದ್ದರೆ ಹಿಂಡಿಗೆ ಕ್ಷೇಮ, ಹಕ್ಕಿ ರೆಕ್ಕೆ ಬಡಿದು ಎದ್ದರೆ ಅಪಾಯ. ಎದ್ದ ಕ್ಷಣ ಹಿಂಡು ಓಡುತ್ತದೆ. ಯಾಕೆ ಏನು ಎಂದು ಕೇಳುತ್ತ ನಿಲ್ಲುವ ಸಂಪ್ರದಾಯ ಅಲ್ಲಿಲ್ಲ. ಕೇಳುತ್ತ ನಿಂತವರು ಹುಲಿಯ ಹೊಟ್ಟೆ ಸೇರಿ ಬಹಳ ಕಾಲವಾಗಿತ್ತು.

ನೆಲ ನಡುಗಿತು. ಹಿಂದಿನ ಬೆನ್ನುಗಳ ಹಕ್ಕಿಗಳೂ ಪಾರಿಯನ್ನು ನೋಡಿ ಎದ್ದವು, ಅವನ್ನು ನೋಡಿ ಬೋರಣ್ಣ ಓಡಿದ, ಬೋರಣ್ಣನನ್ನು ನೋಡಿ ದಾರಿಯಲ್ಲಿದ್ದ ಮುಳ್ಳುಹಂದಿಯೂ ಓಡಿತು. ಕೆರೆ ಹಿಂದಕ್ಕೆ ಉಳಿಯಿತು. ಗುಡ್ಡದ ಬುಡದಲ್ಲಿ ಹಿಂಡು ಏದುಸಿರು ಬಿಡುತ್ತ ನಿಂತಾಗ ಧೂಳು ಇನ್ನೂ ಕೆಳಗಿಳಿದಿರಲಿಲ್ಲ.

"ಏನು ಕಂಡೆಯೇ?" ಎಂದಳು ದೊಡ್ಡಜ್ಜಿ.

ಎಲ್ಲರ ಕಣ್ಣೂ ಪಾರಿಯ ಮೇಲೆ. ಪದ್ಧತಿ ಗೊತ್ತಿರಲಿಲ್ಲ ಅಜ್ಜಿ, ತಪ್ಪಾಯಿತು ಎನ್ನಬಹುದಿತ್ತು. ಎರಡೇ ಮಾತು. ಆದರೆ ಹಾಗೆಂದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮತ್ತೆ ಅಕ್ಕನ ಪೊಟರೆ, ಅಕ್ಕನ ಮಾತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಪಾರಿ ಕೊಕ್ಕು ತೆರೆದಳು.

"ಹುಲಿ."

"ಎಲ್ಲಿ?"

"ಕೆರೆ ಹತ್ತಿರ."

"ಎಷ್ಟು ದೊಡ್ಡದು?"

"ಬೋರಣ್ಣನಷ್ಟು."

ಬೋರಣ್ಣ ಒಳಗೊಳಗೇ ಹಿಗ್ಗಿದ. "ಹಾಗಾದರೆ ಭಾರೀ ಹುಲಿ," ಎಂದ.

"ಸರಿ, ಇವತ್ತು ಆ ಕೆರೆ ಸಹವಾಸ ಬೇಡ," ಎಂದಳು ದೊಡ್ಡಜ್ಜಿ. "ಗುಡ್ಡದ ಆಚೆ ಒಂದು ಹಳ್ಳ ಇದೆ ಅಂತಾರೆ. ನಾವು ಆ ಕಡೆ ಹೋದವರಲ್ಲ. ನೀನು ಹಾರಾಡೋಳು. ಅಲ್ಲಿ ನೀರಿದೆಯಾ? ದಾರಿ ಗೊತ್ತಾ?"

ಪಾರಿ ಗುಡ್ಡದ ಆಚೆ ಒಂದು ಸಲವೂ ಇಣುಕಿದವಳಲ್ಲ. "ಗೊತ್ತು," ಎಂದಳು.

ಸೂರ್ಯ ನೆತ್ತಿಗೇರಿದ. ಬಂಡೆ ಕಾದು ಹಂಚಾಯಿತು. ಪಾರಿ ದೊಡ್ಡಜ್ಜಿಯ ಬೆನ್ನ ಮೇಲೆ ಕೂತು, ಎಡಕ್ಕೆ ಅನ್ನಿಸಿದರೆ ಎಡಕ್ಕೆ, ಬಲಕ್ಕೆ ಅನ್ನಿಸಿದರೆ ಬಲಕ್ಕೆ ಕರೆದೊಯ್ದಳು. ಉಳಿದ ಹಕ್ಕಿಗಳು ಬಿಸಿಲು ತಾಳಲಾರದೆ, ಹಿಂಡು ಮರದಡಿ ಹಾಯುವಾಗ ಒಂದೊಂದಾಗಿ ಮೆಲ್ಲಗೆ ಕೊಂಬೆಗೆ ದಾಟಿಕೊಂಡವು. ಕೊನೆಗೆ ಹಳ್ಳವೇನೋ ಸಿಕ್ಕಿತು. ಅದರ ತುಂಬ ಕಲ್ಲಿತ್ತು. ಕಲ್ಲಿನ ಮೇಲೆ ಒಂದು ಓತಿಕ್ಯಾತ ಕೂತು ತಲೆ ಆಡಿಸುತ್ತಿತ್ತು.

"ನೀರು ಇನ್ನು ಮುಂದಿರಬೇಕು," ಎಂದಳು ಪಾರಿ.

ಗುಂಡ ಮುಂಗಾಲು ಮಡಿಸಿ ಕೂತುಬಿಟ್ಟ. ಅವನ ನಾಲಿಗೆ ಹೊರಗೆ ಬಿದ್ದಿತ್ತು, ಮೂಗು ಒಣಗಿತ್ತು. ಅವನ ತಾಯಿ ನೆಕ್ಕಿ ಎಬ್ಬಿಸಲು ನೋಡಿದಳು, ಅವನು ಏಳಲಿಲ್ಲ. ತಲೆಯೆತ್ತಿ ಪಾರಿಯನ್ನು ನೋಡಿದ.

"ಪಾರಕ್ಕ, ನಿಂಗೆಲ್ಲ ಗೊತ್ತಲ್ವಾ? ಇನ್ನೆಷ್ಟು ದೂರ ಹೇಳು. ಅಷ್ಟು ನಡೀತೀನಿ."

ಬೋರಣ್ಣ ಗದರಿದ್ದರೆ ಪಾರಿ ಇನ್ನೊಂದು ಸುಳ್ಳು ಹೇಳಿಯೇಬಿಡುತ್ತಿದ್ದಳು. ಈ ಕರು ಅವಳನ್ನು ನಂಬಿತ್ತು. ಅದೇ ಕಷ್ಟವಾಯಿತು.

"ಗೊತ್ತಿಲ್ಲ," ಎಂದಳು. ಗಂಟಲಲ್ಲಿ ಸಿಕ್ಕಿದ ಮುಳ್ಳು ಹೊರಬಂದಂತೆ ಬಂತು ಆ ಮಾತು. ಒಂದು ಬಂದ ಮೇಲೆ ಉಳಿದವೂ ಬಂದವು. "ದಾರಿ ಗೊತ್ತಿಲ್ಲ. ನೀರಿದೆಯೋ ಇಲ್ಲವೋ ಗೊತ್ತಿಲ್ಲ. ಹುಲೀನೂ ಕಂಡಿರಲಿಲ್ಲ. ರೆಕ್ಕೆ ಬಡಿದರೆ ನೀವು ಓಡ್ತೀರಿ ಅನ್ನೋದೇ ಗೊತ್ತಿರಲಿಲ್ಲ."

ಹಿಂಡಿನ ತಲೆಗಳೆಲ್ಲ ಪಾರಿಯತ್ತ ತಿರುಗಿದವು. ಓತಿಕ್ಯಾತ ಕೂಡ ತಲೆ ಆಡಿಸುವುದನ್ನು ನಿಲ್ಲಿಸಿತು.

"ಅಜ್ಜಿ, ಇವಳನ್ನ ಒಂದೇ ಒಂದು ಸಲ ನನ್ನ ಗೊರಸಿನ ಕೆಳಗೆ ಕೊಡಿ," ಎಂದ ಬೋರಣ್ಣ.

"ತುಳಿಯೋಕೂ ಶಕ್ತಿ ಬೇಕು ಬೋರಣ್ಣ. ಮೊದಲು ನೀರು ಕುಡಿ," ಎಂದಳು ದೊಡ್ಡಜ್ಜಿ. ಆಮೇಲೆ ಪಾರಿಯತ್ತ ತಿರುಗಿದಳು. "ಬಂದ ದಾರೀಲೇ ಕೆರೆಗೆ ಹೋಗೋಣ. ಬೇರೆ ಹಕ್ಕಿ ಇಲ್ಲ, ಅಲ್ಲಿವರೆಗೆ ನೀನೇ ಕೂತಿರು. ಆಮೇಲೆ ನಿನ್ನ ದಾರಿ ನಿನಗೆ, ನಮ್ಮ ದಾರಿ ನಮಗೆ."

ಗುಂಡನನ್ನು ಮೂತಿಯಿಂದ ತಿವಿದು ಎಬ್ಬಿಸಿದರು. ಪಾರಿ ಬೆನ್ನ ಮೇಲೆ ಮುದುಡಿ ಕೂತಳು. ಒಂದು ಉಣ್ಣಿಯನ್ನೂ ಮುಟ್ಟಲಿಲ್ಲ.

ಕೆರೆ ಕಂಡಾಗ ಹೊತ್ತು ಇಳಿಯುತ್ತಿತ್ತು. ನೀರಿನ ವಾಸನೆಗೆ ಹಿಂಡಿನ ಹೆಜ್ಜೆ ಬಿರುಸಾಯಿತು. ಆಗ ಪಾರಿಗೆ ದಂಡೆಯ ಜೊಂಡಿನೊಳಗೆ ಏನೋ ಕಂಡಿತು. ಹಳದಿ, ಕಪ್ಪು, ಹಳದಿ, ಕಪ್ಪು. ಸಂಜೆಬಿಸಿಲು ಜೊಂಡಿನ ಮೇಲೆ ಬಿದ್ದರೂ ಹಾಗೇ ಕಾಣುತ್ತದೆ. ಹುಲಿ ಮಲಗಿದ್ದರೂ ಹಾಗೇ ಕಾಣುತ್ತದೆ.

ಈಗ ಏನು ಮಾಡುವುದು? ರೆಕ್ಕೆ ಬಡಿದು ಎದ್ದರೆ ಹಿಂಡು ಓಡುತ್ತದೆ. ಗುಂಡ ಇನ್ನೊಂದು ಓಟ ಓಡಲಾರ, ಬಿದ್ದೇಹೋಗುತ್ತಾನೆ. ಸುಮ್ಮನೆ ಕೂತರೆ, ಅದು ಹುಲಿಯೇ ಆಗಿದ್ದರೆ, ಮೊದಲು ಹೋಗುವವನೂ ಗುಂಡನೇ. ಕೂರುವುದು, ಹಾರುವುದು, ಇವೆರಡು ಬಿಟ್ಟು ಮೂರನೆಯದು ಆ ಕೆಲಸದಲ್ಲಿ ಇರಲೇ ಇಲ್ಲ. ಏನೇ ಆದರೂ ಗೊತ್ತು ಅನ್ನು ಎಂದು ಮೇಷ್ಟ್ರ ದನಿ ತಲೆಯೊಳಗೆ ಕಿರುಚಿತು.

ನಿಮ್ಮ ಬಾಯಿಗೆ ಸೀಬೆಕಾಯಿ ಹಾಕ, ಎಂದುಕೊಂಡು ಪಾರಿ ರೆಕ್ಕೆ ಬಿಚ್ಚದೆ, ದೊಡ್ಡಜ್ಜಿಯ ಬೆನ್ನಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ತಲೆಗೆ ಹೆಜ್ಜೆ ಹಾಕುತ್ತ ಹೋಗಿ, ಎರಡು ಕೊಂಬುಗಳ ನಡುವೆ ನಿಂತು ಕಿವಿಗೆ ಬಾಗಿದಳು.

"ಅಜ್ಜಿ, ಜೊಂಡಿನೊಳಗೆ ಪಟ್ಟೆ ಪಟ್ಟೆ ಕಾಣ್ತಾ ಇದೆ. ಬಿಸಿಲೋ ಹುಲಿಯೋ ಗೊತ್ತಿಲ್ಲ."

ದೊಡ್ಡಜ್ಜಿ ತಟ್ಟನೆ ನಿಂತಳು. ಅವಳು ನಿಂತದ್ದಕ್ಕೆ ಹಿಂಡೂ ನಿಂತಿತು. ಅವಳು ಒಮ್ಮೆ ಹೂಂಕರಿಸಿದ್ದೇ ತಡ, ದೊಡ್ಡವರೆಲ್ಲ ಮುಂದೆ ಬಂದು ಸಾಲಾಗಿ ಕೊಂಬು ತಗ್ಗಿಸಿದರು, ಗುಂಡ ಹಿಂದಕ್ಕೆ ಸರಿದ. ಯಾರೂ ಅಲುಗಾಡಲಿಲ್ಲ. ಎಲ್ಲರೂ ಜೊಂಡನ್ನೇ ನೋಡಿದರು.

ಸ್ವಲ್ಪ ಹೊತ್ತಿಗೆ ಬಿಸಿಲು ಎದ್ದು ನಿಂತಿತು. ಅದಕ್ಕೆ ಬಾಲವಿತ್ತು.

ಸಾಲುಗಟ್ಟಿದ ಕೊಂಬುಗಳನ್ನು ಹುಲಿ ಆ ತುದಿಯಿಂದ ಈ ತುದಿಯವರೆಗೆ ನೋಡಿತು. ಲೆಕ್ಕ ಸರಿಹೋಗಲಿಲ್ಲ. ಬಾಯಿ ತೆರೆದು ಆಕಳಿಸಿತು. ತಾನು ಗಾಳಿ ಸೇವನೆಗೆ ಬಂದವನು, ಊಟದ ಯೋಚನೆಯೇ ಇರಲಿಲ್ಲ ಎಂಬಂತೆ ನಿಧಾನವಾಗಿ ಕಾಡು ಸೇರಿತು. ಗಾತ್ರದಲ್ಲಿ ಬೋರಣ್ಣನ ಅರ್ಧವೂ ಇರಲಿಲ್ಲ. ಈ ಮಾತನ್ನು ಬೋರಣ್ಣ ಆಮೇಲೆ ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಗುಂಡ ಹೊಟ್ಟೆ ಡೋಲಾಗುವವರೆಗೆ ನೀರು ಕುಡಿದ. ಪಾರಿ ದಂಡೆಗೆ ಇಳಿದು ನಿಂತಳು.

"ನಾನಿನ್ನು ಹೊರಡ್ತೀನಿ ಅಜ್ಜಿ."

"ಹೊರಡು. ನಾಳೆ ಬೆಳಗ್ಗೆ ಬಾ," ಎಂದಳು ದೊಡ್ಡಜ್ಜಿ ನೀರಿನಿಂದ ಮೂತಿ ಎತ್ತದೆ. "ನನ್ನ ಬೆನ್ನ ಮೇಲೆ ಎಷ್ಟೋ ಹಕ್ಕಿ ಕೂತು ಹೋದವು. ಅವಕ್ಕೆ ಏನು ಗೊತ್ತಿಲ್ಲ ಅನ್ನೋದು ನನಗೆ ಗುಂಡಿಗೆ ಬಿದ್ದ ಮೇಲೆ ಗೊತ್ತಾಗ್ತಿತ್ತು. ಇವತ್ತು ಮೊದಲನೇ ಸಲ ಬೀಳೋಕೆ ಮುಂಚೆ ಗೊತ್ತಾಯ್ತು. ಹಾಗಂತ ಮೆರೀಬೇಡ. ಬೆಳಗ್ಗೆ ಹೇಳಿದ ಸುಳ್ಳಿಗೆ ಶಿಕ್ಷೆ ಇದೆ. ಮಳೆ ಬರೋವರೆಗೂ ಬೋರಣ್ಣನ ಬಾಲದ ಬುಡದಲ್ಲಿ ನಿನ್ನ ಕೆಲಸ. ಅವನ ಬಾಲ ಬೀಸೋ ದೊಣ್ಣೆಗಿಂತ ಜೋರು. ಅದನ್ನ ಹೇಗೆ ತಪ್ಪಿಸ್ಕೋಬೇಕು, ಗೊತ್ತಾ?"

ಪಾರಿ ಎದೆ ಉಬ್ಬಿಸಿದಳು. ಕೊಕ್ಕು ತೆರೆದಳು. ಆಮೇಲೆ ಮೆಲ್ಲಗೆ ಎದೆ ಇಳಿಸಿದಳು.

"ಗೊತ್ತಿಲ್ಲ ಅಜ್ಜಿ. ಹೇಳ್ಕೊಡಿ."

ಇವತ್ತಿಗೂ ಆ ಕಾಡಿನಲ್ಲಿ ಕಾಡೆಮ್ಮೆಯ ಕೊಂಬುಗಳ ನಡುವೆ ಹಕ್ಕಿಯೊಂದು ಕೂತು ಕಿವಿಗೆ ಬಾಗಿದ್ದರೆ ಹಿಂಡೆಲ್ಲ ನಿಂತು ನೋಡುತ್ತದೆ. ಬೆನ್ನ ಕೆಲಸಕ್ಕೆ ಮೂರನೆಯ ಮಾತು ಸೇರಿದ್ದು ಹೀಗೆ.

ಈ ಸುದ್ದಿ ಆಲದ ಮರಕ್ಕೂ ಮುಟ್ಟಿತು. ಗಿಳಿ ಮೇಷ್ಟ್ರು ತಡಮಾಡಲಿಲ್ಲ. ಮರುವಾರವೇ 'ಗೊತ್ತಿಲ್ಲ ಎನ್ನುವ ಕಲೆ' ಎಂಬ ಹೊಸ ಶಿಬಿರ ಶುರು ಮಾಡಿ, ದಕ್ಷಿಣೆಯನ್ನು ಎರಡು ಸೀಬೆಹಣ್ಣಿಗೆ ಏರಿಸಿದರು. ಮೊದಲ ದಿನ ಮುಂದಿನ ಕೊಂಬೆಯ ಅಳಿಲೊಂದು ಕೇಳಿತು:

"ಮೇಷ್ಟ್ರೇ, ನಿಮಗೆ ಗೊತ್ತಿಲ್ಲದ್ದು ಯಾವುದು?"

ಮೇಷ್ಟ್ರು ರೆಕ್ಕೆ ಪೂರ್ತಿ ಅಗಲಿಸಿದರು. "ಯಾವುದೂ ಇಲ್ಲ," ಎಂದರು.

ನೀತಿ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಕೇಳಿ ಕಲಿಯುವವರಿಗೆ ಕೆಲಸ ಉಳಿಯುತ್ತದೆ, ರೆಕ್ಕೆ ಬಡಿಯುವುದನ್ನು ಆಮೇಲೆ ಕಲಿತರೂ ನಡೆಯುತ್ತದೆ.