ಸಾಹೇಬರ ಕೋಣೆಯ ಪ್ರಿಂಟರ್

ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಆಪರೇಟರ್ ಒಬ್ಬಳಿದ್ದಳು. ಅರ್ಜಿದಾರರ ವಿವರ ತುಂಬಲು ಡೇಟಾಬೇಸಿನಲ್ಲಿ ಹೊಸ ಫಾರ್ಮ್ ವಿನ್ಯಾಸ ಮಾಡುವ ಕೆಲಸ ಅವಳದು. ಒಂದು ಖಾನೆ ಸರಿಸಿದರೆ ಸಾಕು, ಪರದೆ ಎರಡು ನಿಮಿಷ ಹಾಗೇ ನಿಂತುಬಿಡುತ್ತಿತ್ತು.

ಸಾಹೇಬರಾದ ಚನ್ನವೀರಯ್ಯ ಅವಳನ್ನು ಕರೆಸಿದರು.

“ತಿಂಗಳಾಯ್ತು, ಒಂದು ಫಾರ್ಮ್ ಆಗಿಲ್ಲ. ಕಾರಣ ಬರೆದು ಕೊಡಮ್ಮ, ಜಿಲ್ಲಾ ಕಚೇರಿಗೆ ಕಳಿಸ್ತೀನಿ. ನಿನ್ನ ಗುತ್ತಿಗೆ ಅಲ್ಲೇ ಮುಗೀಲಿ.”

ಕಾರಣ ಅವಳಿಗೆ ಗೊತ್ತಿತ್ತು. ವಿನ್ಯಾಸದ ಹೊತ್ತಿನಲ್ಲಿ ಆ ತಂತ್ರಾಂಶ ಪ್ರಿಂಟರನ್ನು ಕಾಗದದ ಅಳತೆ ಕೇಳುತ್ತದೆ. ಪ್ರಿಂಟರ್ ಆಫ್ ಆಗಿದ್ದರೆ ಉತ್ತರಕ್ಕೆ ಕಾಯುತ್ತ ಕೂರುತ್ತದೆ. ಎಲ್ಲ ಕಂಪ್ಯೂಟರಿಗೂ ತಮ್ಮ ಕೋಣೆಯ ಪ್ರಿಂಟರನ್ನೇ ಜೋಡಿಸಬೇಕು, ಯಾರೂ ಬದಲಿಸಕೂಡದು ಎಂದು ಸಾಹೇಬರೇ ಆದೇಶ ಹೊರಡಿಸಿದ್ದರು. ಆ ಕೋಣೆಯ ಬೀಗ ಅವರು ಬಂದ ದಿನ ಮಾತ್ರ ತೆಗೆಯುತ್ತಿದ್ದರು.

ತಿಂಗಳಿಡೀ ಬರೆದಿಟ್ಟಿದ್ದ ಪಟ್ಟಿಯನ್ನು ಅವಳು ಮುಂದಿಟ್ಟಳು. ಪರದೆ ನಿಲ್ಲದೆ ಕೆಲಸ ಸಾಗಿದ ದಿನ ನಾಲ್ಕು. ತಡವಾದ ದಿನ ಹದಿನೆಂಟು. ತಡವಾದ ಪ್ರತಿ ತಾರೀಖಿನ ಎದುರಿಗೂ ಒಂದೇ ಕಾರಣ: ಸಾಹೇಬರ ಪ್ರಿಂಟರ್ ಆಫ್.

ತಾರೀಖುಗಳನ್ನು ಓದುತ್ತಿದ್ದಂತೆ ಸಾಹೇಬರ ಕಿವಿ ಕೆಂಪಾಯಿತು.

“ಏನಮ್ಮ, ನನ್ನ ಹಾಜರಿ ಬರೆದಿದ್ದೀಯಾ?”

“ಇಲ್ಲ ಸಾರ್, ಪ್ರಿಂಟರಿನದು. ಹಾಜರಿ ಪುಸ್ತಕದಲ್ಲಿ ಇಪ್ಪತ್ತೆರಡು ದಿನವೂ ನಿಮ್ಮ ಸಹಿ ಇದೆಯಲ್ಲ. ಇದಕ್ಕೂ ಒಂದು ಸಹಿ ಹಾಕಿದರೆ ಜಿಲ್ಲಾ ಕಚೇರಿಗೆ ಕಳಿಸ್ತೀನಿ.”

ಸಾಹೇಬರು ಸಹಿ ಹಾಕಿದರು. ಪಟ್ಟಿಗಲ್ಲ, ಅವಳ ಗುತ್ತಿಗೆಯ ನವೀಕರಣಕ್ಕೆ. ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಕೋಣೆಯ ಬೀಗದಕೈಯನ್ನು ಜವಾನನಿಗೆ ಕೊಟ್ಟರು.

ಮೂರೇ ದಿನದಲ್ಲಿ ಫಾರ್ಮ್ ಮುಗಿಯಿತು. ಈಗ ಪ್ರಿಂಟರ್ ದಿನವೂ ಹತ್ತು ಗಂಟೆಗೆ ಸರಿಯಾಗಿ ಹಾಜರು. ಸಾಹೇಬರು ವಾರಕ್ಕೊಮ್ಮೆ ಬಂದು ಎಲ್ಲ ದಿನಗಳಿಗೂ ಸಹಿ ಹಾಕಿ ಹೋಗುತ್ತಾರೆ.