ಧೂಳಿನ ದಂಡು

ಪರದೆಯ ಮೇಲೆ ಹೆಂಡತಿಗೆ ತನ್ನ ಮುಖ ತೋರಿಸಬೇಕೆಂಬ ಆಸೆಯಿಂದ ಕುರಿ ಕಾಯುವ ಮೈಲಾರಪ್ಪ ರಾಜರ ಕಾಲದ ಯುದ್ಧದ ಸಿನಿಮಾದಲ್ಲಿ ಸೈನಿಕನಾದ. ದುಡ್ಡು ಹಾಕಿದ್ದ ಸಾಹುಕಾರ ಬಂದವನೇ ಗದರಿದ: “ನಲವತ್ತು ಜನ ಯುದ್ಧಕ್ಕೋ, ಬೀಗರೂಟಕ್ಕೋ? ಇವತ್ತೇ ಸಾವಿರ ಜನರ ದಂಡು ಕಾಣಬೇಕು. ಇಲ್ಲಾಂದ್ರೆ ಸಿನಿಮಾ ಬಂದ್!”

ನಿರ್ದೇಶಕ ತಲೆ ಮೇಲೆ ಕೈಹೊತ್ತು ಕೂತ.

“ದೂರದ ದಂಡು ಅಂದ್ರೆ ಧೂಳು ತಾನೇ ಸ್ವಾಮಿ? ನಮ್ಮ ಹಿಂದೆ ನನ್ನ ಮುನ್ನೂರು ಕುರಿ ಓಡಿಸಿದ್ರಾಯ್ತು,” ಎಂದ ಮೈಲಾರಪ್ಪ.

ಆದರೆ ಕುರಿಗಳು ಅವನ ಕೂಗಿಗಷ್ಟೇ ಓಡುವಂಥವು. ತಗಡಿನ ಟೋಪಿಯನ್ನೊಮ್ಮೆ ನೇವರಿಸಿ ತೆಗೆದಿಟ್ಟು, ಹಿಂದಕ್ಕೆ ಹೋಗಿ ಕೂಗು ಹಾಕಿದ. ಬಯಲೆಲ್ಲ ಕೆಂಧೂಳೆದ್ದಿತು. ನಿಜವಾದ ದಂಡೇ ನುಗ್ಗಿ ಬಂತೇನೋ ಎಂಬಂತೆ ಸಾಹುಕಾರ ಹೆದರಿ ಕಾರಿನ ಕಡೆಗೆ ಓಡಿದ.

ಸಿನಿಮಾ ಊರಿಗೆ ಬಂದಾಗ ಹೆಂಡತಿ ಕತ್ತು ಚಾಚಿ ಹುಡುಕಿದಳು. “ನೀನೆಲ್ಲಿ? ಕಾಣ್ತಾನೇ ಇಲ್ವಲ್ಲ?”

“ಅಗೋ, ಆ ಧೂಳು ಕಾಣ್ತದಲ್ಲ? ಅಷ್ಟೂ ನಾನೇ.”